ಗಗನನೌಕೆಯೊಳಗಿನ ಪೆನ್ನು ‘ತೇಲುತ್ತದೆ’ ಅನ್ನಬಹುದೇ?

ಗೆಳೆಯರೇ,

ಸ್ಟ್ಯಾನ್ಲಿ ಕುಬ್ರಿಕ್‌ನ ‘2001: ಎ ಸ್ಪೇಸ್ ಒಡಿಸಿ’ಯನ್ನು ಮತ್ತೆ ನೋಡಿದೆ. 1968ರ ಸಿನಿಮಾ. ಮನುಷ್ಯ ಚಂದ್ರನ ಮೇಲೆ ಕಾಲಿಡುವ ಮುಂಚೆಯೇ ತೆರೆಗೆ ಬಂದದ್ದು. ಮೊದಲ ಸಲ ಕತೆ ಹಿಡಿಯುವುದರಲ್ಲೇ ಸಾಕಾಗಿರುತ್ತದೆ. ಈ ಸಲ ಕಣ್ಣು ಚಿಕ್ಕಪುಟ್ಟ ವಿಷಯಗಳ ಕಡೆ ಹೋಯಿತು. ಅವನ್ನು ಬರೆಯಲು ಕೂತರೆ ಒಂದು ಕ್ರಿಯಾಪದ ಕೈಕೊಡುತ್ತಿದೆ.

ಪ್ರಯಾಣಿಕ ನಿದ್ದೆ ಹೋಗಿದ್ದಾನೆ. ಅವನ ಪೆನ್ನು ಕೈತಪ್ಪಿ ಗಾಳಿಯಲ್ಲಿ ಮೆಲ್ಲಗೆ ಸುತ್ತುತ್ತಿದೆ. ಗಗನಸಖಿ (ಈ ಪದ ಇಷ್ಟು ಸರಿಯಾಗಿ ಹೊಂದುವ ಕಡೆ ಬೇರೆ ಇಲ್ಲ) ಬಂದು ಅದನ್ನು ಅವನ ಜೇಬಿಗೆ ಸೇರಿಸುತ್ತಾಳೆ. ಚಿತ್ರೀಕರಣದಲ್ಲಿ ಪೆನ್ನನ್ನು ದೊಡ್ಡ ಗಾಜಿನ ಹಾಳೆಗೆ ಅಂಟಿಸಿ ಗಾಜನ್ನೇ ತಿರುಗಿಸಿದ್ದರು. ಹಾಗಾಗಿ ಅವಳು ಪೆನ್ನನ್ನು ಹಿಡಿಯುವುದಿಲ್ಲ, ಕೀಳುತ್ತಾಳೆ! ಅದು ಅವರ ಉಪಾಯ, ಇರಲಿ. ಕತೆಯೊಳಗೆ ಆ ಪೆನ್ನು ಏನು ಮಾಡುತ್ತಿದೆ?

‘ತೇಲುತ್ತಿದೆ’ ಅಂತಲೇ ಎಲ್ಲರೂ ಬರೆಯುತ್ತೇವೆ. ತೇಲುವುದು ನೀರಿಗೆ ಸೇರಿದ ಮಾತು, ಆದರೆ ನೀರು ಬಿಟ್ಟು ಹೊರಬಂದು ಕಾಲವಾಯಿತು. ಮೋಡ ತೇಲುತ್ತದೆ, ಹಾಡು ತೇಲಿ ಬರುತ್ತದೆ. ಆದರೆ ಎಲ್ಲ ಕಡೆಯೂ ಎತ್ತಿ ಹಿಡಿಯುವಂಥದ್ದು ಒಂದು ಇದೆ, ನೀರೋ ಗಾಳಿಯೋ. ನೌಕೆಯೊಳಗೂ ಗಾಳಿ ಇದೆ, ಆದರೆ ಪೆನ್ನನ್ನು ಎತ್ತಿ ಹಿಡಿದಿರುವುದು ಅದಲ್ಲ. ಪೆನ್ನು, ನೌಕೆ, ಪ್ರಯಾಣಿಕ ಎಲ್ಲರೂ ಒಟ್ಟಿಗೆ ಬೀಳುತ್ತಿದ್ದಾರೆ, ಅದಕ್ಕೇ ಪೆನ್ನು ನಿಂತ ಹಾಗೆ ಕಾಣುತ್ತದೆ. ಭೂಮಿಯಿಂದ 400 ಕಿಲೋಮೀಟರ್ ಮೇಲೆ ಹೋದರೂ ಗುರುತ್ವ ಸುಮಾರು 90% ಉಳಿದೇ ಇರುತ್ತದೆ. ‘ಶೂನ್ಯ ಗುರುತ್ವ’ ಅನ್ನುವ ಪದ ಅದಕ್ಕೇ ನನಗೆ ಹಿಡಿಸುವುದಿಲ್ಲ. ‘ತೂಕವಿಲ್ಲದ ಸ್ಥಿತಿ’ಯೇ ವಾಸಿ.

‘ತೂಗುತ್ತಿದೆ’ ಅಂದರೆ? ತೂಗುದೀಪ, ತೂಗುಮಂಚ ಎಲ್ಲಕ್ಕೂ ಮೇಲೊಂದು ಕೊಂಡಿ ಬೇಕು. ಸಾಲದ್ದಕ್ಕೆ ತೂಕವೂ ತೂಗುವುದರಿಂದಲೇ ಬಂದದ್ದು. ತೂಕವಿಲ್ಲದ್ದು ತೂಗುತ್ತಿದೆ ಅಂದರೆ ನಗು ಬರುತ್ತದೆ, ಅಲ್ವಾ?

ಸಿನಿಮಾಕ್ಕೂ ಇದೇ ಕಡೆ ಕಾಲು ಜಾರಿದೆ. ಚಂದ್ರನಿಗೆ ಹೋಗುವ ನೌಕೆಯಲ್ಲಿ ಅದೇ ಪ್ರಯಾಣಿಕ ಕೊಳವೆಯಿಂದ ಆಹಾರ ಹೀರಿ ಬಾಯಿ ತೆಗೆಯುತ್ತಾನೆ. ಕೊಳವೆಯಲ್ಲಿದ್ದದ್ದು ಜರ್ರನೆ ಕೆಳಗಿಳಿಯುತ್ತದೆ! ತೂಕವಿಲ್ಲದ ಕಡೆ ‘ಇಳಿಯುವುದು’ ಎಲ್ಲಿಂದ ಬಂತು? ಅಲ್ಲೇ ಇನ್ನೊಬ್ಬ ಗಗನಸಖಿ ಊಟದ ತಟ್ಟೆ ಹಿಡಿದು ಗೋಡೆಯ ಮೇಲೆ ನಡೆದು ತಲೆಕೆಳಗಾಗಿ ಹೊರಹೋಗುತ್ತಾಳೆ. ‘ತಲೆಕೆಳಗು’ ನಮ್ಮ ಲೆಕ್ಕದಲ್ಲಿ ಮಾತ್ರ. ಅವಳ ಲೆಕ್ಕದಲ್ಲಿ ತಲೆಕೆಳಗಾಗಿ ಕೂತವರು ಆ ಪ್ರಯಾಣಿಕರು.

ನನಗೆ ಜಾಸ್ತಿ ಕಷ್ಟವಾದದ್ದು ಗಗನಯಾತ್ರಿ ಫ್ರ್ಯಾಂಕ್ ಪೂಲ್ ನೌಕೆಯ ಹೊರಗೆ ಸಾಯುವ ದೃಶ್ಯ. ಗಾಳಿಯ ಕೊಳವೆ ಕಿತ್ತುಹೋಗಿ, ಕೈಕಾಲು ಬಡಿಯುತ್ತಾ ಕತ್ತಲಲ್ಲಿ ದೂರವಾಗುತ್ತಾನೆ. ಸದ್ದೇ ಇಲ್ಲ. ‘ತೇಲಿಹೋದ’ ಅಂದರೆ ಯಾವುದೋ ಹರಿವು ಕೊಂಡೊಯ್ದ ಹಾಗೆ ಕೇಳಿಸುತ್ತದೆ. ಅಲ್ಲಿ ಹೊರಗೆ ಗಾಳಿಯೂ ಇಲ್ಲ. ‘ಉರುಳಿಹೋದ’ ಅನ್ನಲು ನೆಲ ಬೇಕು. ಸದ್ಯಕ್ಕೆ ‘ಸುತ್ತುತ್ತಾ ದೂರವಾದ’ ಅಂತ ಬರೆದಿದ್ದೇನೆ. ಸಪ್ಪೆ ಅನಿಸುತ್ತಿದೆ. ‘ಅಂತರಪಿಶಾಚಿಯಾದ’ ಅನ್ನುವ ಆಸೆ ಬಂತು, ಸತ್ತವನ ಬಗ್ಗೆ ಹಾಗೆ ಬರೆಯುವುದು ಬೇಡ ಅಂತ ಸುಮ್ಮನಾದೆ.

ಪೆನ್ನಿಗೆ ‘ತೇಲು’ ಇಟ್ಟುಕೊಳ್ಳುತ್ತೇನೆ. ಮೋಡವನ್ನು ತೇಲಿಸಿದ ಪದ ಅದನ್ನೂ ತೇಲಿಸೀತು. ಪೂಲ್‌ಗೆ ಹೊಂದುವಂಥ ಪದ, ನೆಲವಾಗಲಿ ನೀರಾಗಲಿ ಕೇಳದ್ದು, ನಿಮ್ಮ ಕಡೆಯ ಆಡುಮಾತಿನಲ್ಲಿ ಇದೆಯೇ? ಇದ್ದರೆ ಯಾವ ಸಂದರ್ಭದಲ್ಲಿ ಬಳಸುತ್ತೀರಿ ಅನ್ನುವುದನ್ನೂ ಬರೆಯಿರಿ.