3ಜಿ ಪ್ಲೇಟ್: ಫೇಸ್ ಬೆಂಡ್ ಪಾಸ್, ರೂಟ್ ಬೆಂಡ್ ಮಾತ್ರ ಬಾಯಿ ಬಿಡ್ತಿದೆ

ವೆಲ್ಡರ್‌ಟ್ರೇಡ್:
ಐಟಿಐ ವೆಲ್ಡರ್ ಟ್ರೇಡ್. 3ಜಿ ಅಂದರೆ ಪ್ಲೇಟ್ ನೆಟ್ಟಗೆ ನಿಲ್ಲಿಸಿ ಹಾಕೋ ವೆಲ್ಡ್ ಟೆಸ್ಟ್; ಆಮೇಲೆ ಪೀಸ್ ಕತ್ತರಿಸಿ ಬಗ್ಗಿಸ್ತಾರೆ, ವೆಲ್ಡಿನ ಮುಂಭಾಗ ಹೊರಗೆ ಬರುವಂತೆ ಬಗ್ಗಿಸಿದರೆ ಫೇಸ್ ಬೆಂಡ್, ತಳ (ರೂಟ್) ಹೊರಗೆ ಬಂದರೆ ರೂಟ್ ಬೆಂಡ್. 10 ಎಂಎಂ ಎಂಎಸ್ (ಸಾದಾ ಉಕ್ಕು) ಪ್ಲೇಟ್, ಸಿಂಗಲ್ ವಿ (ಒಂದೇ ಬದಿಯಿಂದ ವಿ ಆಕಾರದ ಸಂದು), ಕೆಳಗಿಂದ ಮೇಲಕ್ಕೆ. ರಾಡ್ 7018 (ಲೋ ಹೈಡ್ರೋಜನ್ ರಾಡ್): ರೂಟ್‌ಗೆ, ಅಂದರೆ ತಳದ ಮೊದಲ ರನ್‌ಗೆ, 2.5 ಎಂಎಂ, ಮೇಲಿನ ರನ್‌ಗಳಿಗೆ 3.15. ರೂಟ್ ಬೆಂಡ್ ಒಡೆದ ಕಡೆ ನೋಡಿದರೆ ಒಂದು ಪ್ಲೇಟಿನ ಅಂಚು ಕರಗದೆ ಹಾಗೇ ಉಳಿದಿರುತ್ತೆ. ರಾಡ್ ಬದಲಿಸಿದ ಜಾಗದಲ್ಲಿ ಸೂಜಿಮೊನೆಯಂಥ ತೂತುಗಳು. ಪ್ಲೇಟುಗಳ ನಡುವಿನ ಗ್ಯಾಪ್ 2 ಎಂಎಂ, ಕರೆಂಟ್ 65 ಆಂಪ್. ಕರೆಂಟ್ ಏರಿಸಬೇಕಾ?

ಕೀಹೋಲ್:
ಕರೆಂಟಿನ ವಿಷಯ ಆಮೇಲೆ. ಮೊದಲು ಫಿಟ್‌ಅಪ್ (ಪ್ಲೇಟ್ ಕೂರಿಸೋ ರೀತಿ) ಸರಿ ಮಾಡಿ. 2 ಎಂಎಂ ಗ್ಯಾಪ್ ಇಟ್ಟರೆ ವೆಲ್ಡ್ ಮೇಲೇರುತ್ತಾ ಹೋದಂತೆ ಪ್ಲೇಟ್ ಎಳೆದುಕೊಂಡು ಗ್ಯಾಪ್ ಇನ್ನೂ ಮುಚ್ಚಿಕೊಳ್ಳುತ್ತೆ. ಕೆಳಗೆ 2.5, ಮೇಲ್ತುದಿಯಲ್ಲಿ 3 ಇಡಿ. ಹಳೇ ರಾಡಿನ ಫ್ಲಕ್ಸ್ ಕೆರೆದು ಒಳಗಿನ ತಂತಿಯನ್ನೇ ಅಳತೆಗೆ ಮಧ್ಯೆ ಸಿಕ್ಕಿಸಿದರಾಯ್ತು. ಪ್ರತಿ ಪ್ಲೇಟಿಗೆ ಬೆವೆಲ್ (ಅಂಚಿನ ಇಳಿಜಾರು) 30 ಡಿಗ್ರಿ, ರೂಟ್ ಫೇಸ್ (ತಳದಲ್ಲಿ ಇಳಿಜಾರಿಲ್ಲದೆ ಉಳಿಯೋ ಅಂಚು) 1.5 ಎಂಎಂ, ಎರಡರಲ್ಲೂ ಒಂದೇ ಸಮ.

ಒಂದೇ ಅಂಚು ಉಳೀತಿದೆ ಅಂದರೆ ಎರಡರಲ್ಲಿ ಒಂದು: ಪ್ಲೇಟುಗಳು ಒಂದೇ ಮಟ್ಟದಲ್ಲಿಲ್ಲದೆ ಹಿಂದುಮುಂದಾಗಿ ಕೂತಿವೆ, ಇಲ್ಲಾ ರಾಡ್ ಒಂದು ಕಡೆ ವಾಲಿದೆ. ಟ್ಯಾಕ್ (ಪ್ಲೇಟ್ ಹಿಡಿದಿಡೋ ಚಿಕ್ಕ ವೆಲ್ಡ್) ಹಾಕಿದ ಮೇಲೆ ಹಿಂಬದಿಗೆ ಸ್ಕೇಲ್ ಅಡ್ಡ ಇಟ್ಟು ನೋಡಿ, ಬೆಳಕು ಕಂಡರೆ ಟ್ಯಾಕ್ ಕತ್ತರಿಸಿ ಮತ್ತೆ ಕೂರಿಸಿ. ಟ್ಯಾಕ್ ಎರಡು ತುದಿಯಲ್ಲಿ 15 ಎಂಎಂ ಇರಲಿ. ಅದರ ಒಳತುದಿಯನ್ನು ಗ್ರೈಂಡರ್‌ನಲ್ಲಿ ಇಳಿಜಾರು ಮಾಡದಿದ್ದರೆ ರೂಟ್ ಅಲ್ಲಿ ಸೇರೋದೇ ಇಲ್ಲ.

ಆರ್ಕ್ ಮುಂದೆ ಕೀಹೋಲ್ (ಎರಡೂ ಅಂಚು ಕರಗಿ ತೆರೆಯೋ ತೂತು) ಸದಾ ಕಾಣಬೇಕು, ಗ್ಯಾಪ್‌ಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಮುಚ್ಚಿಕೊಂಡರೆ ರೂಟ್ ಸೇರಿಲ್ಲ ಅಂತಲೇ ಲೆಕ್ಕ. ಡಿಸಿ, ರಾಡ್ ಪಾಸಿಟಿವ್, ಕರೆಂಟ್ 80–85 ಆಂಪ್.

ರಾಡ್‌ಓವನ್:
ಆ ಗ್ಯಾಪ್‌ಗೆ 85 ಜಾಸ್ತಿ ಆಯ್ತು ಸರ್. ಹೊಸಬರ ಕೈಯಲ್ಲಿ ಕರಗಿದ ಲೋಹ ಹಿಂದೆ ದ್ರಾಕ್ಷಿ ಗೊಂಚಲಿನಂತೆ ಇಳಿಯುತ್ತೆ. 75ರಿಂದ ಶುರು ಮಾಡಲಿ.

ತೂತಿನ ಮಾತು. 7018 ಗಾಳಿಯ ತೇವ ಹೀರುತ್ತೆ, ಅದರಲ್ಲೂ ಮಳೆಗಾಲದಲ್ಲಿ. ತೆರೆದ ಪ್ಯಾಕೆಟ್ಟಿನ ರಾಡನ್ನು 300–350 ಡಿಗ್ರಿಯಲ್ಲಿ ಒಂದೆರಡು ಗಂಟೆ ಬೇಕ್ ಮಾಡಿ, 100–150ರಲ್ಲಿ ಇಟ್ಟುಕೊಂಡು ಒಂದೊಂದೇ ತೆಗೀರಿ. ಪ್ಲೇಟಿಗೆ ಅಂಟಿಸಿ ರಾಡ್ ಕಾಯಿಸೋ ಚಾಳಿ ಬಿಡಿ, ಫ್ಲಕ್ಸ್ ಬಿರುಕು ಬಿಟ್ಟು ಉದುರುತ್ತೆ.

ಆದರೆ ತೂತು ರಾಡ್ ಬದಲಿಸಿದಲ್ಲೇ ಬರ್ತಿದ್ದರೆ ತೇವಕ್ಕಿಂತ ಸ್ಟಾರ್ಟ್ ಮೇಲೆ ಅನುಮಾನ. ಕ್ರೇಟರ್ (ಹಿಂದಿನ ರಾಡ್ ನಿಂತ ಕಡೆಯ ಗುಳಿ) ಮೇಲೇ ಕುಟ್ಟಬೇಡಿ. 10 ಎಂಎಂ ಮುಂದೆ ಬೆವೆಲ್ ಒಳಗೆ ಆರ್ಕ್ ಹೊಡೆದು, ಕ್ರೇಟರಿಗೆ ವಾಪಸ್ ತಂದು, ಕೀಹೋಲ್ ತೆರೆದ ಮೇಲೆ ಮೇಲಕ್ಕೆ ಹೊರಡಿ. ಹೊಡೆದ ಗುರುತು ವೆಲ್ಡಿನಡಿ ಕರಗಿಹೋಗುತ್ತೆ. ಆರ್ಕ್ ಗಿಡ್ಡ, ಸುಮಾರು ರಾಡಿನ ದಪ್ಪ ಮೀರದಂತೆ. ಅರ್ಧ ಉರಿದ ರಾಡಿನ ತುದಿಗೆ ಗಾಜಿನಂಥ ಪೊರೆ ಕಟ್ಟಿರುತ್ತೆ, ತಟ್ಟಿ ತೆಗೀರಿ. ಫ್ಲಕ್ಸ್ ಸಮೇತ ಎದ್ದುಬಂದರೆ ಆ ರಾಡ್ ರೂಟಿಗೆ ಬೇಡ.

ವೆಲ್ಡರ್‌ಟ್ರೇಡ್:
ಇಲ್ಲಿ ಇನ್ನೊಂದು ಮಷಿನ್ ಇದೆ, ಹಳೇ ಎಸಿ ಟ್ರಾನ್ಸ್‌ಫಾರ್ಮರ್. ಅದರಲ್ಲಿ 7018 ಪದೇ ಪದೇ ಅಂಟಿಕೊಳ್ಳುತ್ತೆ. ಅದೂ ಸ್ಟಾರ್ಟ್ ತಪ್ಪೇನಾ?

ರಾಡ್‌ಓವನ್:
ಅಲ್ಲ. ಚಿಕ್ಕ ಟ್ರಾನ್ಸ್‌ಫಾರ್ಮರ್‌ನಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಆರ್ಕ್ ಹೊತ್ತದಿದ್ದಾಗಿನ ವೋಲ್ಟೇಜ್) 50ರ ಆಸುಪಾಸು ಇದ್ದರೆ 6013 (ಸುಲಭವಾಗಿ ಉರಿಯೋ ಸಾಮಾನ್ಯ ರಾಡ್) ಉರಿಯುತ್ತೆ. 7018ಗೆ 70ರ ಹತ್ತಿರ ಬೇಕು. ಇದಕ್ಕೆ ಡಿಸಿ ಮಷಿನ್ನನ್ನೇ ಹಿಡೀರಿ.

ಬೆಂಡ್‌ಪೀಸ್:
ವೆಲ್ಡ್ ಸರಿ ಇದ್ದೂ ಪೀಸ್ ತಯಾರಿಯಲ್ಲೇ ಫೇಲ್ ಆಗುವುದುಂಟು. ಎರಡೂ ಬದಿಯ ಉಬ್ಬನ್ನು ಪ್ಲೇಟಿನ ಮಟ್ಟಕ್ಕೆ ಗ್ರೈಂಡ್ ಮಾಡುವಾಗ ಗೆರೆಗಳು ಪೀಸಿನ ಉದ್ದಕ್ಕೇ ಓಡಲಿ. ವೆಲ್ಡ್ ಗುಂಟ ಗೆರೆ ಬಿದ್ದರೆ ಬಗ್ಗಿಸುವಾಗ ಅಲ್ಲಿಂದಲೇ ಸೀಳುತ್ತೆ. ಅಂಚುಗಳನ್ನು ಫೈಲ್‌ನಿಂದ ಸ್ವಲ್ಪ ಗುಂಡಗೆ ಮಾಡಿ. ಬಿಸಿ ಪ್ಲೇಟನ್ನು ನೀರಿಗೆ ಅದ್ದಬೇಡಿ, ಗಾಳಿಯಲ್ಲೇ ಆರಲಿ. 10 ಎಂಎಂ ಪೀಸಿಗೆ ಬಗ್ಗಿಸುವ ಗುಂಡಿನ ವ್ಯಾಸ 40 ಎಂಎಂ ಇರಬೇಕು. ವರ್ಕ್‌ಶಾಪಿನಲ್ಲಿ ಕೈಗೆ ಸಿಕ್ಕ 25 ಎಂಎಂ ಗುಂಡು ಹಾಕಿ ಬಗ್ಗಿಸಿದರೆ ಒಳ್ಳೇ ವೆಲ್ಡೂ ಒಡೆಯಬಹುದು, ಅದನ್ನೊಮ್ಮೆ ಅಳೆದು ನೋಡಿ.