ಪದ ಬೇಕು: ಬೋರ್ಡಿನ ಮೇಲೆ ‘ಸ್ಟೋರೇಜ್ ಪ್ಲಗಿನ್’ ಅಂತ ಹೇಗೆ ಬರೆಸಲಿ?

ಕಲಬುರಗಿಯಿಂದ, ಬುಧವಾರ

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ಐದರೊಳಗೆ ಒಂದು ಪದ ಬೇಕಾಗಿದೆ. ಇಲ್ಲಿನ ಒಂದು ಕಾಲೇಜಿನಲ್ಲಿ ಶನಿವಾರ, ಭಾನುವಾರ ತರಬೇತಿ ಇಟ್ಟುಕೊಂಡಿದ್ದೇವೆ. ವಿಷಯ, ಪ್ರಾಕ್ಸ್‌ಮಾಕ್ಸ್‌ಗೆ ಸ್ಟೋರೇಜ್ ಪ್ಲಗಿನ್ ಬರೆಯುವುದು. ಪ್ರಾಕ್ಸ್‌ಮಾಕ್ಸ್ ಅಂದರೆ ಒಂದೇ ಯಂತ್ರದೊಳಗೆ ಹಲವು ವಿ.ಎಂ. (ತಂತ್ರಾಂಶದಲ್ಲೇ ಹುಟ್ಟುವ ಕಂಪ್ಯೂಟರ್) ನಡೆಸುವ ತಂತ್ರಾಂಶ. ಪಾಠ ಕನ್ನಡದಲ್ಲಿ, ಕೈಪಿಡಿ ಕನ್ನಡದಲ್ಲಿ. ಬಾಗಿಲ ಬೋರ್ಡೂ ಕನ್ನಡದಲ್ಲೇ ಇರಲಿ ಅಂತ ನನ್ನ ಹಟ. ಸೂಪರ್ ಮಾರ್ಕೆಟ್ ಹತ್ತಿರದ ಫ್ಲೆಕ್ಸ್ ಅಂಗಡಿಯವರು ಒಮ್ಮೆ ಪ್ರಿಂಟಿಗೆ ಹಾಕಿದರೆ ತಿದ್ದೋದಿಲ್ಲ ಅಂದಿದ್ದಾರೆ.

ಮೊದಲು ‘ಸಂಗ್ರಹಣಾ ಸೇರ್ಪಡೆ’ ಅಂತ ಬರೆದಿದ್ದೆ. ಲ್ಯಾಬ್ ನೋಡಿಕೊಳ್ಳುವ ಹುಡುಗನಿಗೆ ತೋರಿಸಿದೆ. ಓದಿದ, ತಲೆಯಾಡಿಸಿದ, ಒಳಗೆ ಹೋಗಿ ಎರಡು ಹಾರ್ಡ್ ಡಿಸ್ಕ್ ಹಿಡಿದುಕೊಂಡು ಬಂದ. ‘ಎಷ್ಟು ಟಿಬಿ ಸೇರಿಸಬೇಕು ಸರ್?’ ತಪ್ಪು ಅವನದಲ್ಲ. ಹಾಗೆ ಬರೆದರೆ ಯಾರಿಗಾದರೂ ಜಾಗ ಜಾಸ್ತಿ ಮಾಡೋದು ಅಂತಲೇ ಕೇಳುತ್ತದೆ ಅಲ್ವಾ?

ಪ್ಲಗಿನ್ ತಾನು ಏನನ್ನೂ ಇಟ್ಟುಕೊಳ್ಳುವುದಿಲ್ಲ. ಅದು ಪರ್ಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದು ಫೈಲು, ಅಷ್ಟೇ. ಈ ವಿ.ಎಂ.ಗೆ 32 ಜಿಬಿ ಡಿಸ್ಕ್ ಬೇಕು ಅಂತ ಪ್ರಾಕ್ಸ್‌ಮಾಕ್ಸ್ ಕೇಳುತ್ತದೆ. ಎಲ್ಲಿ, ಹೇಗೆ ಮಾಡಿಕೊಡಬೇಕು ಅನ್ನೋದು ಪ್ಲಗಿನ್‌ಗೆ ಗೊತ್ತು. ಕೆಳಗೆ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಹಂಚಿಕೊಂಡ ಫೋಲ್ಡರ್) ಇದ್ದರೆ ಒಂದು ಫೈಲ್ ಹುಟ್ಟುತ್ತದೆ. ಎಲ್‌ವಿಎಂ (ಡಿಸ್ಕನ್ನು ಭಾಗ ಮಾಡಿ ಹಂಚುವ ವ್ಯವಸ್ಥೆ) ಇದ್ದರೆ ಒಂದು ಲಾಜಿಕಲ್ ವಾಲ್ಯೂಮ್, ಅಂದರೆ ಅಂಥ ಒಂದು ಭಾಗ. ಝಡ್‌ಎಫ್‌ಎಸ್ (ಇನ್ನೊಂದು ಬಗೆಯ ಫೈಲ್ ವ್ಯವಸ್ಥೆ) ಆದರೆ ಅದರದೇ ಝಡ್‌ವಾಲ್. ಅಳಿಸು, ದೊಡ್ಡದು ಮಾಡು, ಸ್ನ್ಯಾಪ್‌ಶಾಟ್ ತೆಗೆ, ಪಟ್ಟಿ ಕೊಡು. ಕೇಳುವ ಮಾತು ಎಲ್ಲ ಕಡೆ ಒಂದೇ, ಮಾಡುವ ಬಗೆ ಬೇರೆ ಬೇರೆ. ನಾವೇ ಬರೆದ ಪ್ಲಗಿನ್ ಆದರೆ ‘ಕಸ್ಟಮ್’ ಅನ್ನುವ ಫೋಲ್ಡರಿನಲ್ಲಿ ಇಡಬೇಕು. ಎಪಿಐನ (ಪ್ರಾಕ್ಸ್‌ಮಾಕ್ಸ್ ಜೊತೆ ಪ್ಲಗಿನ್ ಮಾತಾಡುವ ನಿಯಮಗಳ) ಯಾವ ಆವೃತ್ತಿಗೆ ಬರೆದದ್ದು ಅಂತ ಅದು ಒಂದು ಸಂಖ್ಯೆ ಹೇಳಬೇಕು. ಸಂಖ್ಯೆ ತೀರಾ ಹಳೆಯದಾದರೆ ಪ್ರಾಕ್ಸ್‌ಮಾಕ್ಸ್ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಸ್ವಲ್ಪ ಹಳೆಯದಾದರೆ ಗೊಣಗಿಕೊಂಡು ಒಪ್ಪಿಕೊಳ್ಳುತ್ತದೆ, ನಮ್ಮ ಮನೆಯ ಹಿರಿಯರ ಹಾಗೆ.

ಹೀಗೆ ನಡುವೆ ನಿಂತು ಮಾತು ಮುಟ್ಟಿಸುವವನನ್ನು ಏನಂತ ಕರೆಯಬೇಕು? ಬೋರ್ಡು ಆರಡಿ ಉದ್ದ. ಪದ ಅದರಲ್ಲಿ ಹಿಡಿಸಬೇಕು.

ಬೀದರಿನಿಂದ

‘ಸಂಗ್ರಹಣಾ’ ಕನ್ನಡವೇ ಅಲ್ಲ. ಸ್ಟೋರೇಜ್‌ಗೆ ನಮ್ಮ ಕಡೆ ಒಳ್ಳೆಯ ಪದ ಇದೆ: ಹಗೇವು. ನೆಲ ಅಗೆದು, ಬದಿಗೆ ಹುಲ್ಲು ಕಟ್ಟಿ, ಜೋಳ ತುಂಬಿ, ಮೇಲೆ ಮಣ್ಣು ಮುಚ್ಚುತ್ತಿದ್ದರು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹಳೆಯ ‘ಪಗೆ’, ಪ ಹೋಗಿ ಹ ಬಂದದ್ದು. ಪ್ಲಗಿನ್‌ಗೆ ‘ಕೂಡಿಕೆ’. ಹಗೇವುಕೂಡಿಕೆ. ಮುಗೀತು.

ಯಾದಗಿರಿಯಿಂದ

ಹಗೇವು ನಾನೂ ನೋಡಿದ್ದೇನೆ. ಬಾಯಿ ತೆರೆದ ಕೂಡಲೇ ಇಳಿದರೆ ಉಸಿರು ಕಟ್ಟುತ್ತದೆ, ಗಾಳಿ ಆಡುವ ತನಕ ಮೇಲೆ ಕಾಯಬೇಕು. ಇಂಥ ಡಿಸ್ಕ್ ಯಾರಿಗೆ ಬೇಕು ಹೇಳಿ. ಅದೂ ಅಲ್ಲದೆ ಕಾಲೇಜಿನ ಹುಡುಗರು ಹಗೆ ಅಂದರೆ ದ್ವೇಷ ಅಂದುಕೊಳ್ಳುತ್ತಾರೆ.

ಟ್ರ್ಯಾಕ್ಟರಿಗೆ ನೇಗಿಲು ಹಚ್ಚಿದರೂ ರೋಟವೇಟರ್ ಹಚ್ಚಿದರೂ ಹಚ್ಚುವ ಜಾಗ ಅದೇ. ಹಿಂದೆ ಏನು ಸಿಕ್ಕಿಸಿದ್ದೀರಿ ಅಂತ ಇಂಜಿನ್ ಕೇಳುವುದಿಲ್ಲ. ಪ್ಲಗಿನ್ ಅಂದರೆ ಅಷ್ಟೇ. ರೋಟವೇಟರ್‌ಗೆ ಕನ್ನಡ ಹುಡುಕುತ್ತಾ ಕೂತಿದ್ದರೆ ಈ ಹೊತ್ತಿಗೆ ಬಿತ್ತನೆ ತಪ್ಪುತ್ತಿತ್ತು. ಪ್ಲಗಿನ್ ಅಂತಲೇ ಬರೆಯಿರಿ.

ಕಲಬುರಗಿ ಗಂಜಿನಿಂದ

ನಾನು ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಲೆಕ್ಕ ಬರೆಯುವವನು, ಕಂಪ್ಯೂಟರ್ ಅಷ್ಟಕ್ಕಷ್ಟೇ. ಆದರೆ ಮೊದಲ ಪತ್ರ ಓದುವಾಗಲೇ ಅಡತಿ ಅಂಗಡಿ (ರೈತರ ಮಾಲು ಮಾರಿಕೊಡುವ ದಲ್ಲಾಳಿ ಅಂಗಡಿ) ಕಣ್ಣಿಗೆ ಬಂತು. ರೈತರು ತೊಗರಿ ತಂದು ಅಂಗಡಿ ಮುಂದೆ ಇಳಿಸುತ್ತಾರೆ. ಮುಂದೆ ಯಾವ ಗೋದಾಮು, ಯಾವ ಮೂಲೆ, ಚೀಲದ ಮೇಲೆ ಚೀಲ ಎಷ್ಟು ಸಾಲು, ಅದೆಲ್ಲ ಅಡತಿಯವರಿಗೇ ಗೊತ್ತು. ಸ್ಟೋರೇಜ್ ಅಡತಿ ಅನ್ನಿ, ಇಲ್ಲಿ ಎಲ್ಲರಿಗೂ ತಿಳಿಯುತ್ತದೆ.

ಅಂದ ಹಾಗೆ, ‘ಗಂಜ್’ ಪಾರಸಿಯಲ್ಲಿ ನಿಧಿ, ಭಂಡಾರ. ಸಂಸ್ಕೃತವೂ ಅದನ್ನು ‘ಗಂಜ’ ಅಂತ ಸಾಲ ತಂದಿದೆ. ಖಜಾನೆ ಅರಬ್ಬಿ. ಅದೇ ಬೇರಿನ ‘ಮಖ್ಜನ್’ ಯುರೋಪೆಲ್ಲ ಸುತ್ತಿ ಮ್ಯಾಗಜೀನ್ ಆಗಿ ನಮ್ಮ ಬಸ್ ಸ್ಟ್ಯಾಂಡಿಗೆ ಬಂತು. ಗೋದಾಮಿನ ಮೂಲ ಮಲಯದ ‘ಗುದಾಂಗ್’, ಅಲ್ಲಿಗೆ ಹೋದದ್ದು ನಮ್ಮ ದಕ್ಷಿಣದಿಂದಲೇ ಅಂತ ಹೇಳುವವರಿದ್ದಾರೆ. ತೆಲುಗಿನ ಗಿಡ್ಡಂಗಿ, ಕನ್ನಡದ ಗಡಂಗು ಅದರ ನೆಂಟರಂತೆ. ಆದರೆ ಬೋರ್ಡಿನ ಮೇಲೆ ಗಡಂಗು ಅಂತ ಬರೆಸಬೇಡಿ. ಸಂಜೆಗೆ ಬೇರೆಯೇ ಜನ ಬಂದು ನಿಲ್ಲುತ್ತಾರೆ.

ಬೀದರಿನಿಂದ

ಅಡತಿ ಹಿಂದಿ. ಗಂಜ್ ಪಾರಸಿ. ನಿಜಾಮರ ಆಳ್ವಿಕೆ 1948ಕ್ಕೇ ಮುಗಿದಿದೆ, ನೆನಪಿರಲಿ.

ಕಲಬುರಗಿ ಗಂಜಿನಿಂದ

ನೆನಪಿದೆ. ‘ತಹಶೀಲ್ದಾರ’, ‘ಅರ್ಜಿ’, ‘ಜಮೀನು’ ಅನ್ನುವ ಪಾರಸಿ, ಅರಬ್ಬಿ ಮಾತು ಬಳಸದೆ ನಿಮ್ಮ ಹೊಲದ ಪಹಣಿ ತೆಗೆಸಿ ತೋರಿಸಿ. ಆಮೇಲೆ ಮಾತಾಡೋಣ.

ಸೇಡಂನಿಂದ

ಎಲ್ಲರೂ ಮೂಲ ತಪ್ಪನ್ನೇ ಬಿಟ್ಟಿದ್ದೀರಿ. ‘ಸಂಗ್ರಹಣಾ ಸೇರ್ಪಡೆ’, ‘ಸ್ಟೋರೇಜ್ ಅಡತಿ’ ಎರಡೂ ಅರಿಸಮಾಸ. ಕವಿರಾಜಮಾರ್ಗ ಹುಟ್ಟಿದ ಕಾಲದ ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಮ್ಮ ತಾಲ್ಲೂಕಿನದೇ. ಸಂಸ್ಕೃತ, ಕನ್ನಡ ಎರಡನ್ನೂ ಸರಿಯಾಗಿ ತಿಳಿಯದೆ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿಟ್ಟ ಹಾಗೆ ಅಂತ 9ನೇ ಶತಮಾನದಲ್ಲೇ ಕವಿರಾಜಮಾರ್ಗ ಹೇಳಿದೆ. ಇಂಗ್ಲಿಷಿಗೂ ಅದೇ ನಿಯಮ. ಸಮಾಸ ಬಿಡಿಸಿ ಬರೆಯಿರಿ. ಇಲ್ಲವಾದರೆ ಬರೆಯಲೇಬೇಡಿ.

ಯಾದಗಿರಿಯಿಂದ

ರೈಲುಗಾಡಿ ಅಂದಾಗ ಯಾವ ಹಾಲು ಒಡೆಯಿತು ಸರ್?

ಮತ್ತೆ, ಅರಿ ಅಂದರೂ ಹಗೆಯೇ. ಅರಿಸಮಾಸವನ್ನು ಬೀದರಿನವರು ಹಗೇವಿನಲ್ಲಿ ಇಟ್ಟು ಮಣ್ಣು ಮುಚ್ಚಲಿ.

ಸೇಡಂನಿಂದ

ರೈಲುಗಾಡಿ ರೂಢಿ. ರೂಢಿಗೂ ನಿಯಮಕ್ಕೂ ವ್ಯತ್ಯಾಸ ತಿಳಿಯದವರ ಜೊತೆ ನನಗೆ ಚರ್ಚೆ ಇಲ್ಲ.

ಕಲಬುರಗಿಯಿಂದ, ಗುರುವಾರ ರಾತ್ರಿ

ಬೋರ್ಡು ಕೊಟ್ಟು ಬಂದೆ. ನಿಮ್ಮ ಜಗಳದಲ್ಲಿ ನನಗೆ ಬೇಕಾದದ್ದು ಸಿಕ್ಕಿತು, ಸಿಕ್ಕಿದ್ದು ಮಾತ್ರ ನಾನು ಹುಡುಕದ ಕಡೆ. ಸೇಡಂನವರ ಹಾಲು ಮಜ್ಜಿಗೆ ನನಗೆ ಒಪ್ಪಿಗೆ ಇಲ್ಲ. ಆದರೆ ಸಮಾಸ ಬಿಡಿಸಿ ಅಂದರಲ್ಲ, ಅದು ಕೆಲಸಕ್ಕೆ ಬಂತು. ಎರಡು ಪದ ಅಂಟಿಸಿದ ಕೂಡಲೇ ನಡುವಿನ ವಿಭಕ್ತಿ ಬಿದ್ದು ಹೋಗುತ್ತದೆ. ಸೇರಿಸುವುದು ಸ್ಟೋರೇಜನ್ನೋ, ಸ್ಟೋರೇಜಿಗೋ? ಹುಡುಗ ಡಿಸ್ಕ್ ತಂದದ್ದು ಆ ಸಂದಿಯಿಂದಲೇ. ಹಗೇವು ಹಾಕಿದ್ದರೂ ಅವನು ಡಿಸ್ಕೇ ತರುತ್ತಿದ್ದ.

ಬರೆಸಿದ್ದು ಹೀಗೆ: ‘ಯಾವ ಸ್ಟೋರೇಜ್ ಜೊತೆಗಾದರೂ ಪ್ರಾಕ್ಸ್‌ಮಾಕ್ಸ್ ಮಾತಾಡಲಿ. ಪ್ಲಗಿನ್ ಬರೆಯೋಣ ಬನ್ನಿ.’ ಎರಡು ಸಾಲು ಆಯಿತು, ಆರಡಿಯಲ್ಲಿ ಹಿಡಿಸಿತು. ಅದೇ ಹುಡುಗನಿಗೆ ತೋರಿಸಿದೆ. ‘ಇದಕ್ಕೆ ಡಿಸ್ಕ್ ಬೇಡ ಅಲ್ವಾ ಸರ್?’ ಅಂದ.

ಅಡತಿ ಅಂಗಡಿಯ ಹೋಲಿಕೆ ಕೈಪಿಡಿಯ ಮೊದಲ ಪುಟಕ್ಕೆ ಹೋಗಿದೆ. ಗಂಜಿನವರು ಶನಿವಾರ ಬಿಡುವಿದ್ದರೆ ಬನ್ನಿ, ಊಟ ಇದೆ. ವಿ.ಎಂ.ಗೆ ‘ಮಾಯಾಯಂತ್ರ’ ಅಂತ ಒಬ್ಬರು ಬೇರೆಯಾಗಿ ಬರೆದು ಕಳಿಸಿದ್ದಾರೆ. ಬೇಡ.

ಕೈಪಿಡಿಗೆ ಇನ್ನೊಂದು ಪದ ಬಾಕಿ ಇದೆ: ಸ್ನ್ಯಾಪ್‌ಶಾಟ್. ‘ಕ್ಷಣಚಿತ್ರ’ ಅಂತ ಯಾರೂ ಹೇಳಬೇಡಿ, ಅಲ್ಲಿ ಚಿತ್ರವೂ ಇಲ್ಲ, ಪೂರ್ತಿ ನಕಲೂ ಇಲ್ಲ. ಇಲ್ಲಿಗೆ ಇಷ್ಟು ಅಂತ ಒಂದು ಗೆರೆ ಎಳೆಯೋದು, ಹಳೆಯದು ಇದ್ದ ಹಾಗೇ ಉಳಿಯುವಂತೆ ನೋಡಿಕೊಳ್ಳೋದು. ಬೇಕಾದಾಗ ಆ ಗೆರೆಗೆ ವಾಪಸ್ ಬರೋದು. ನಾಳೆ ಮಧ್ಯಾಹ್ನದೊಳಗೆ ಹೇಳಿದರೆ ಪುಣ್ಯ ಬರುತ್ತದೆ.

ಬೀದರಿನಿಂದ

ಗೆರೆ. ನೀವೇ ಎರಡು ಸಲ ಬರೆದಿದ್ದೀರಿ.