ಹೊಸ ಡೆತ್ ಮೆಟಲ್ ಆಲ್ಬಮ್‌ಗಳ ವಿಮರ್ಶೆಯಲ್ಲಿ ವಿಶೇಷಣಗಳನ್ನು ಬಿಟ್ಟು ಏನನ್ನು ಬರೆಯಬೇಕು?

ತಗ್ಗುಶ್ರುತಿ (ಪ್ರಶ್ನೆ):
ನಮಸ್ಕಾರ. ಎರಡು ವರ್ಷಗಳಿಂದ ಡೆತ್ ಮೆಟಲ್ ಎಂಬ ಅತಿವೇಗದ, ಕರ್ಕಶ ರಾಕ್ ಸಂಗೀತದ ಬ್ರೂಟಲ್ ಮತ್ತು ಟೆಕ್ನಿಕಲ್ ಪ್ರಕಾರಗಳ ಹೊಸ ಆಲ್ಬಮ್‌ಗಳ ಕುರಿತು ಕನ್ನಡದಲ್ಲಿ ವಿಮರ್ಶೆ ಬರೆಯುತ್ತಿದ್ದೇನೆ. ಕಳೆದ ವಾರ ನನ್ನ ಹಳೆಯ ಬರಹಗಳನ್ನೆಲ್ಲ ಒಟ್ಟಿಗೆ ಓದಿದಾಗ ಮನಸ್ಸಿಗೆ ಬೇಸರವಾಯಿತು. ಬ್ಯಾಂಡಿನ ಹೆಸರನ್ನು ಅಳಿಸಿಬಿಟ್ಟರೆ ಯಾವ ಬರಹ ಯಾವ ಆಲ್ಬಮ್‌ನದೆಂದು ಗುರುತು ಹತ್ತುವಂತಿರಲಿಲ್ಲ. ಎಲ್ಲದರಲ್ಲೂ ‘ಭೀಕರ’, ‘ಬರ್ಬರ’, ‘ಮೈ ನಡುಗಿಸುವ’ ಎಂಬ ಅವೇ ಮಾತುಗಳಿದ್ದವು. ಮೊದಲ ಸಲ ಕೇಳಿದಾಗ ಇಡೀ ಆಲ್ಬಮ್ ಒಂದೇ ಮೊರೆತದಂತೆ ಕೇಳಿಸುತ್ತದೆ, ನಾಲ್ಕನೆಯ ಸಲಕ್ಕೆ ರಿಫ್‌ಗಳು (ಮತ್ತೆ ಮತ್ತೆ ಬರುವ ಗಿಟಾರಿನ ಚಿಕ್ಕ ಸ್ವರಗುಚ್ಛಗಳು) ಬಿಡಿಬಿಡಿಯಾಗಿ ಕಾಣತೊಡಗುತ್ತವೆ, ಆದರೆ ಅಷ್ಟರಲ್ಲಿ ನಾನು ಬರೆದು ಮುಗಿಸಿರುತ್ತೇನೆ. ಈಗ ಅಲ್ಸರೇಟ್, ಸಫೊಕೇಶನ್, ಬ್ಲಡ್ ಇನ್‌ಕ್ಯಾಂಟೇಶನ್ ಬ್ಯಾಂಡ್‌ಗಳ ಇತ್ತೀಚಿನ ಆಲ್ಬಮ್‌ಗಳ ಬಗ್ಗೆ ಬರೆಯಬೇಕಿದೆ. ಕಿವಿಯನ್ನು ಎಲ್ಲಿಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ತೊಡೆತಾಳ:
ಮೊದಲ ಸಲ ಕೇಳುವಾಗ ಏನನ್ನೂ ಬರೆದುಕೊಳ್ಳಬೇಡಿ, ತೊಡೆಯ ಮೇಲೆ ತಾಳ ಹಾಕಿ. ಡ್ರಮ್ಸ್‌ನ ಅತಿವೇಗದ ಬಡಿತವಾದ ಬ್ಲಾಸ್ಟ್ ಬೀಟ್‌ನಲ್ಲಿ ಸ್ನೇರ್ (ಕೋಲಿನಿಂದ ಬಾರಿಸುವ ಚಿಕ್ಕ ಡ್ರಮ್) ಮತ್ತು ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಒಂದರ ಬೆನ್ನಿಗೊಂದು ಬೀಳುವುದರಿಂದ ಕಿವಿ ಆ ಪೆಟ್ಟುಗಳ ಹಿಂದೆಯೇ ಓಡಿ ಸೋಲುತ್ತದೆ. ನಿಮಿಷಕ್ಕೆ 240 ಬಡಿತದ ಲಯದಲ್ಲಿ ಬಡಿತಕ್ಕೆ ನಾಲ್ಕರಂತೆ ಡಬಲ್ ಬಾಸ್ (ಎರಡೂ ಕಾಲುಗಳಿಂದ ಕಿಕ್) ನುಡಿಸಿದರೆ ಸೆಕೆಂಡಿಗೆ 16 ಪೆಟ್ಟು ಬೀಳುತ್ತವೆ. ಅದನ್ನು ಯಾರೂ ಎಣಿಸಲಾರರು, ಎಣಿಸಬೇಕಾಗಿಯೂ ಇಲ್ಲ. ರಿಫ್ ಎಷ್ಟು ಬಡಿತಕ್ಕೊಮ್ಮೆ ತಿರುಗಿ ಮೊದಲಿಗೆ ಬರುತ್ತದೆ, ಎರಡನೆಯ ಸಲ ಬಂದಾಗ ಅದರ ಬಾಲ ಬದಲಾಗಿದೆಯೇ ಎಂಬುದನ್ನು ಮಾತ್ರ ಹಿಡಿಯಿರಿ. ಚಿಕ್ಕಂದಿನಲ್ಲಿ ಕಲಿತ ಮೃದಂಗ ನನಗೆ ಇಲ್ಲಿ ಬಹಳ ನೆರವಾಗಿದೆ: ನಡೆ ಬದಲಾದರೂ ತಾಳ ಹಾಕುವ ಕೈ ನಿಲ್ಲಬಾರದೆಂದು ಗುರುಗಳು ಹೇಳುತ್ತಿದ್ದುದನ್ನೇ ಇವತ್ತಿಗೂ ಪಾಲಿಸುತ್ತೇನೆ.

ನ್ಯೂಜಿಲೆಂಡಿನ ಅಲ್ಸರೇಟ್ ಇದಕ್ಕೆ ತಕ್ಕ ಉದಾಹರಣೆ. 2024ರಲ್ಲಿ ಬಂದ ‘ಕಟಿಂಗ್ ದ ಥ್ರೋಟ್ ಆಫ್ ಗಾಡ್’ನ ಏಳೂ ಹಾಡುಗಳನ್ನು ತಾಳ ಹಾಕುತ್ತಾ ಕೇಳಿ. ಡ್ರಮ್ಮರ್ ಜೇಮಿ ಸೇಂಟ್ ಮೆರಾಟ್ ನಾಗಾಲೋಟದಲ್ಲಿದ್ದಾಗಲೂ ಗಿಟಾರಿನ ಸ್ವರಗಳು ಎಷ್ಟು ನಿಧಾನವಾಗಿ ಹರಡಿಕೊಳ್ಳುತ್ತವೆ ಎಂಬುದು ಆಗ ತಿಳಿಯುತ್ತದೆ. ಆ ಬ್ಯಾಂಡಿನ ದುಗುಡವೆಲ್ಲ ಹುಟ್ಟುವುದು ಈ ಎರಡು ವೇಗಗಳ ತಿಕ್ಕಾಟದಿಂದ. ‘ಭೀಕರ’ ಎಂದು ಬರೆಯುವ ಜಾಗದಲ್ಲಿ ಈ ತಿಕ್ಕಾಟವನ್ನು ವಿವರಿಸಿದರೆ ಓದುಗನಿಗೆ ಆಲ್ಬಮ್ಮೇ ಕೇಳಿಸುತ್ತದೆ.

ಸೌಂಡ್‌ಚೆಕ್:
ಮೇಲಿನವರ ಮಾತು ಸರಿಯಾಗಿದೆ, ಆದರೆ ಸಂಯೋಜನೆಯಷ್ಟೇ ಮುಖ್ಯವಾದದ್ದು ರೆಕಾರ್ಡಿಂಗ್; ಇವೆರಡನ್ನೂ ಬೇರೆಬೇರೆಯಾಗಿ ತೂಗದ ವಿಮರ್ಶೆಯನ್ನು ನಾನು ನಂಬುವುದಿಲ್ಲ. ಸಫೊಕೇಶನ್ ಬ್ಯಾಂಡಿನ ಇತಿಹಾಸದಲ್ಲೇ ಇದಕ್ಕೆ ಸಾಕ್ಷಿಯಿದೆ. 1991ರ ‘ಎಫಿಜಿ ಆಫ್ ದ ಫರ್ಗಾಟನ್’ ಫ್ಲಾರಿಡಾದ ಮಾರಿಸೌಂಡ್ ಸ್ಟುಡಿಯೋದಲ್ಲಿ ನಿರ್ಮಾಪಕ ಸ್ಕಾಟ್ ಬರ್ನ್ಸ್ ಕೈಯಲ್ಲಿ ತಯಾರಾಯಿತು. ಇವತ್ತಿಗೂ ಅದರ ಪೆಟ್ಟು ಎದೆಗೆ ತಾಗುತ್ತದೆ. 1993ರ ‘ಬ್ರೀಡಿಂಗ್ ದ ಸ್ಪಾನ್’ನ ರಿಫ್‌ಗಳು ಅದಕ್ಕಿಂತ ಜಟಿಲವಾಗಿದ್ದರೂ ಧ್ವನಿಮುದ್ರಣ ಸೊರಗಿತ್ತು. ಆ ಹಾಡುಗಳ ಮೇಲೆ ಬ್ಯಾಂಡಿಗೆ ಎಷ್ಟು ನಂಬಿಕೆಯಿತ್ತೆಂದರೆ, ಮುಂದೆ ಬಂದ ಹಲವು ಆಲ್ಬಮ್‌ಗಳಲ್ಲಿ ಒಂದೊಂದನ್ನೇ ಹೊಸದಾಗಿ ರೆಕಾರ್ಡ್ ಮಾಡುತ್ತಾ ಬಂದರು. 2023ರ ‘ಹಿಮ್ಸ್ ಫ್ರಮ್ ದ ಅಪಾಕ್ರಿಫಾ’ದ ಕೊನೆಯಲ್ಲಿರುವ ‘ಇಗ್ನರೆಂಟ್ ಡೆಪ್ರಿವೇಶನ್’ ಅಂಥದ್ದೇ ಹಾಡು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ರಿಫ್‌ನ ಗುಣ ಯಾವುದು, ಸ್ಟುಡಿಯೋದ ಗುಣ ಯಾವುದು ಎಂಬ ವಿವೇಚನೆ ತಾನಾಗಿ ಬರುತ್ತದೆ.

ಹೊಸ ಆಲ್ಬಮ್‌ಗಳಲ್ಲಿ ಇನ್ನೊಂದನ್ನು ಗಮನಿಸಿ. ತಗ್ಗಿದ ಶ್ರುತಿಯ ಗಿಟಾರ್ ಮತ್ತು ಬಾಸ್‌ಗಳ ಅಡಿಯಲ್ಲಿ ಕಿಕ್ ಹೂತುಹೋಗುವುದರಿಂದ ಅದಕ್ಕೆ ಟ್ರಿಗರ್ (ಪೆಟ್ಟನ್ನು ಗ್ರಹಿಸುವ ಸಾಧನ) ಜೋಡಿಸಿ, ಪ್ರತಿ ಪೆಟ್ಟಿಗೂ ಮೊದಲೇ ಮುದ್ರಿಸಿಟ್ಟ ಸದ್ದನ್ನು ಕೂಡಿಸುತ್ತಾರೆ. ಅದು ತಪ್ಪಲ್ಲ, ಆದರೆ ಎಲ್ಲ ಪೆಟ್ಟುಗಳೂ ಒಂದೇ ತೂಕದವಾದಾಗ ಟೈಪ್‌ರೈಟರಿನ ಟಕಟಕ ಉಳಿಯುತ್ತದೆ, ಕಾಲಿನ ಒತ್ತಡ ಮಾಯವಾಗುತ್ತದೆ. ಅದರ ಮೇಲೆ ಮಾಸ್ಟರಿಂಗ್ ಎಂಬ ಕೊನೆಯ ಹಂತದ ಧ್ವನಿ ಹೊಂದಿಕೆಯಲ್ಲೂ ಎಲ್ಲವನ್ನೂ ಒಂದೇ ಎತ್ತರಕ್ಕೆ ಒತ್ತಿಬಿಟ್ಟರೆ ಅರ್ಧ ಗಂಟೆಯಲ್ಲಿ ಕಿವಿ ದಣಿಯುತ್ತದೆ, ಮತ್ತು ಆ ದಣಿವನ್ನೇ ನಾವು ‘ಹಾಡುಗಳು ಸಪ್ಪೆ’ ಎಂದು ತಪ್ಪಾಗಿ ಬರೆದುಬಿಡುತ್ತೇವೆ. ಸದ್ದು ತಗ್ಗಿಸಿ ಮರುದಿನ ಮತ್ತೊಮ್ಮೆ ಕೇಳದೆ ಅಂಥ ತೀರ್ಪು ಕೊಡಬೇಡಿ.

ಗಂಟಲಗುಹೆ:
ಗಾಯನದ ಬಗ್ಗೆ ಒಂದು ಮಾತು. ಗ್ರೋಲ್ (ಗಂಟಲಾಳದಿಂದ ಗುರುಗುಟ್ಟುವ ದನಿ) ಎಷ್ಟು ಆಳವಾಗಿದೆ ಎಂದು ಅಳೆಯುವುದಕ್ಕಿಂತ ಅದು ಡ್ರಮ್ಸ್ ಜೊತೆ ಹೆಜ್ಜೆ ಹಾಕುತ್ತಿದೆಯೋ ಅಥವಾ ಅಡ್ಡ ಹೋಗುತ್ತಿದೆಯೋ ನೋಡಿ. ಸಾಹಿತ್ಯವನ್ನು ಮೂರನೆಯ ಸಲ ಕೇಳುವಾಗ ಓದಿ, ಆದರೆ ಓದದೆ ಬಿಡಬೇಡಿ. ಬರಿಯ ಹೆಣ್ಣಿನ ಮೇಲಿನ ಹಿಂಸೆಯ ವರ್ಣನೆಯೇ ತುಂಬಿದ್ದರೆ ಅದನ್ನು ನೇರವಾಗಿ ಹೇಳಿ. ಕೇಳುವಾಗ ಪದಗಳು ತಿಳಿಯುವುದಿಲ್ಲ ಎಂಬುದು ನೆಪವಾಗಲಾರದು.

ತಗ್ಗುಶ್ರುತಿ:
ಎಲ್ಲರಿಗೂ ಧನ್ಯವಾದಗಳು. ಬ್ಲಡ್ ಇನ್‌ಕ್ಯಾಂಟೇಶನ್‌ನ ‘ಆಬ್ಸಲ್ಯೂಟ್ ಎಲ್ಸ್‌ವೇರ್’ ಬಗ್ಗೆ ಬರೆದಿದ್ದ ಕರಡನ್ನು ಅಳಿಸಿ, ನಿನ್ನೆ ರಾತ್ರಿ ತಾಳ ಹಾಕುತ್ತಾ ಮತ್ತೆ ಕೇಳಿದೆ. ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ ರೆಕಾರ್ಡ್ ಆದ, ತಲಾ ಮೂರು ಭಾಗಗಳ ಎರಡೇ ಎರಡು ದೀರ್ಘ ರಚನೆಗಳಿರುವ ಈ ಆಲ್ಬಮ್ ಡೆತ್ ಮೆಟಲ್ ಹೌದೋ ಅಲ್ಲವೋ ಎಂಬ ಚರ್ಚೆಗೇ ನಾನು ಅರ್ಧ ಬರಹವನ್ನು ಮೀಸಲಿಟ್ಟಿದ್ದೆ. ಈಗ ಕೇಳುವಾಗ ನನ್ನ ಗಮನವೆಲ್ಲ ಬೆಸುಗೆಗಳ ಮೇಲಿತ್ತು: ಬ್ಲಾಸ್ಟ್ ಬೀಟ್ ನಿಂತು ಸಿಂಥಸೈಜರ್ ಹರಡಿಕೊಳ್ಳುವ ಕಡೆಗಳಲ್ಲಿ ನನ್ನ ಕೈ ತಾಳ ತಪ್ಪುತ್ತದೆಯೇ ಎಂದು ಪರೀಕ್ಷಿಸಿದೆ. ಎರಡು ಕಡೆ ತಪ್ಪಿತು, ಉಳಿದೆಡೆ ಕೈ ತಾನಾಗಿ ದಾಟಿಕೊಂಡಿತು. ಆ ಎರಡು ಜಾಗಗಳ ನಿಮಿಷ ಮತ್ತು ಸೆಕೆಂಡುಗಳನ್ನು ಗುರುತು ಹಾಕಿಕೊಂಡಿದ್ದೇನೆ. ಹೊಸ ವಿಮರ್ಶೆ ಅಲ್ಲಿಂದಲೇ ಆರಂಭವಾಗುತ್ತದೆ.